ಅಕ್ಕೋರ ನೋಟ್‌ಬುಕ್

ಹೋದ ಆಷಾಢದಲ್ಲಿ ನಮ್ಮ ಅಕ್ಕೋರು ತೀರಿಕೊಂಡರು. ಬೋರ್ಡಿನಲ್ಲಿ ಅವರ ಹೆಸರಿನ ಕೆಳಗೆ ಸಿಸ್ಟರ್ ಟ್ಯೂಟರ್, ಅಂದರೆ ನರ್ಸಿಂಗ್ ಕಲಿಸುವವರು, ಎಂದಿತ್ತು. ನಮಗೆ ಮಾತ್ರ ಅವರು ಅಕ್ಕೋರೇ. ಈ ನರ್ಸಿಂಗ್ ಶಾಲೆಯಲ್ಲಿ ಏನೇನು ಓದಿದೆನೋ, ಅರ್ಧ ಮರೆತಿದೆ. ಅವರ ಕೈಗಡಿಯಾರ ಮರೆತಿಲ್ಲ. ಅದರ ಸೆಕೆಂಡಿನ ಮುಳ್ಳು ಕೆಂಪಗಿತ್ತು.

ಎರಡನೇ ವರ್ಷದ ಒಂದು ರಾತ್ರಿ ನಾವು ಹೆರಿಗೆ ಪಾಠಕ್ಕೆ ಬಳಸುವ ಕೂಸಿನ ಬೊಂಬೆಯನ್ನು ಹಾಸ್ಟೆಲಿಗೆ ಕದ್ದು ತಂದೆವು. ಸೀರೆ ಕಟ್ಟಿ ಜೋಳಿಗೆ ಮಾಡಿದೆವು. ತೊಟ್ಟಿಲ ಕಾರ್ಯ ಶುರುವಾಯಿತು. ಮೆಸ್ಸಿನ ಅಜ್ಜಿ ಗುಗ್ಗರಿ ಬೇರೆ ಮಾಡಿಕೊಟ್ಟಿದ್ದಳು. ಜೋಗುಳಕ್ಕೆ ದನಿ ಎತ್ತಿದವಳು ನಾನೇ, ಬ್ಯಾಚಿನಲ್ಲಿ ನನ್ನ ಕಂಠವೇ ಚೆನ್ನಾಗಿತ್ತು. ಮೂರನೇ ನುಡಿಗೆ ಬಾಗಿಲಲ್ಲಿ ಅಕ್ಕೋರು.

"ಏನ ಹೆಸರಿಟ್ರಿ?"

ಯಾರೂ ತುಟಿ ಬಿಚ್ಚಲಿಲ್ಲ.

"ಹೆಸರು ಆಮ್ಯಾಲ. ಹುಟ್ಟಿದಾಗ ಕೂಸು ಅತ್ತೇನು?"

ಬೈಯಲಿಲ್ಲ. ಉಸಿರಾಡದ ಕೂಸಿಗೆ ಗಾಳಿ ಒತ್ತುವ ಬ್ಯಾಗು, ಮಾಸ್ಕು ತರಿಸಿದರು. ಒಬ್ಬೊಬ್ಬಳ ಕೈಯಲ್ಲೂ ಅದೇ ಬೊಂಬೆ ಹಿಡಿಸಿದರು. ಒರೆಸು, ಬೆನ್ನು ತಿಕ್ಕು, ತಲೆ ನೇರ ಇಡು, ಮಾಸ್ಕು ಕೂರಿಸು. ಕೆಂಪು ಮುಳ್ಳು ಒಂದು ಸುತ್ತು ಬರುವುದರೊಳಗೆ ಗಾಳಿ ಕೊಡಲು ಶುರು ಮಾಡಿರಬೇಕು. ನಾವು 14 ಹುಡುಗಿಯರು. ಮುಗಿದಾಗ ಮಧ್ಯರಾತ್ರಿ ದಾಟಿತ್ತು. ಆಮೇಲೆ ನಮ್ಮ ಜೊತೆ ನೆಲಕ್ಕೆ ಕೂತು ಗುಗ್ಗರಿ ತಿಂದರು.

ಆ ಒಂದು ನಿಮಿಷಕ್ಕೆ 'ಗೋಲ್ಡನ್ ಮಿನಿಟ್' ಎಂಬ ಹೆಸರಿದೆ ಎಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಹುಟ್ಟಿದಾಗ ಉಸಿರಾಡದ ಕೂಸಿಗೆ ಉಸಿರು ಕೊಡುವುದನ್ನು ಕಲಿಸುವ 'ಹೆಲ್ಪಿಂಗ್ ಬೇಬೀಸ್ ಬ್ರೀದ್' ತರಬೇತಿಯಲ್ಲಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಬೇರೆ ಸಂಸ್ಥೆಗಳ ಜೊತೆಗೂಡಿ 2010ರಲ್ಲಿ ಶುರು ಮಾಡಿದ್ದು ಅದು. ಅಲ್ಲಿನ ಬೊಂಬೆಗೆ ನೀರು ತುಂಬಿದರೆ ಕೂಸಿನಷ್ಟೇ ತೂಕ. ಮಾಸ್ಕು ಸರಿಯಾಗಿ ಕೂತರೆ ಎದೆ ಏಳುತ್ತದೆ. ಇಬ್ಬಿಬ್ಬರು ಜೋಡಿಯಾಗಿ ಕಲಿಯಬೇಕು, ಕಲಿತವರು ಇನ್ನೊಬ್ಬರಿಗೆ ದಾಟಿಸಬೇಕು. ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರೊಂದಿಗೆ ಸೇರಿ, ಹೆರಿಗೆ ಮಾಡಿಸುವ 599 ಮಂದಿಗೆ ಇದನ್ನು ಕಲಿಸಿದರು. ಫಲ 2013ರಲ್ಲಿ ಪ್ರಕಟವಾಯಿತು. 'ಫ್ರೆಶ್ ಸ್ಟಿಲ್‌ಬರ್ತ್', ಅಂದರೆ ಹೆರಿಗೆಯ ಹೊತ್ತಿಗೇ ಸತ್ತು ಹುಟ್ಟಿದ್ದು, ಎಂದು ಬರೆಯುತ್ತಿದ್ದ ಕೂಸುಗಳು ನೂರಕ್ಕೆ 1.7 ಇದ್ದದ್ದು 0.9ಕ್ಕೆ ಇಳಿದಿದ್ದವು. ಹಿಂದೆ ಸತ್ತಿದೆ ಎಂದು ಪಕ್ಕಕ್ಕಿಟ್ಟ ಎಷ್ಟು ಕೂಸುಗಳಿಗೆ ಬರೀ ಉಸಿರು ಬೇಕಿತ್ತೋ! ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಟಾಂಜಾನಿಯಾದ ಹೈಡಂ ಆಸ್ಪತ್ರೆಯವರು ಇನ್ನೊಂದು ಕಂಡುಕೊಂಡರು. ಒಂದು ದಿನದ ತರಬೇತಿಯಿಂದ ಬೊಂಬೆಯ ಮೇಲೆ ಕೈ ಚುರುಕಾಯಿತು, ಹೆರಿಗೆ ಕೋಣೆಯಲ್ಲಿ ಅದು ಕಾಣಲಿಲ್ಲ. ಆಮೇಲೆ ಕೆಲಸದ ನಡುವೆಯೇ ಸ್ವಲ್ಪ ಸ್ವಲ್ಪ, ಪದೇ ಪದೇ ಅಭ್ಯಾಸ ಮಾಡಿಸಿದರು. ಹುಟ್ಟಿದ ಮೊದಲ ದಿನವೇ ಸಾಯುವ ಕೂಸುಗಳು ಆಗ ಕಡಿಮೆಯಾದವು. ದಿನಾ ರೌಂಡ್ಸಿಗೆ ಮೊದಲು ಅಕ್ಕೋರು ಹತ್ತು ನಿಮಿಷ ಬೊಂಬೆ ಹಿಡಿಸುತ್ತಿದ್ದರಲ್ಲ, ಅದೇ ಅಲ್ವಾ ಇದು?

ಈಗ ಎಷ್ಟೋ ಕಡೆ ಬೊಂಬೆ ಬೀರುವಿನಲ್ಲಿರುತ್ತದೆ, ಬೀಗ ಹಾಕಿರುತ್ತದೆ. ನರ್ಸಿಂಗ್ ಓದುವ ಮಕ್ಕಳು ವಿಡಿಯೋ ನೋಡಿ ಸರ್ಟಿಫಿಕೇಟ್ ಇಳಿಸಿಕೊಳ್ಳುತ್ತಾರೆ. ನನಗೆ ಬೇಸರವಾಗುತ್ತದೆ. ನನ್ನ ವಾರ್ಡಿನಲ್ಲಿ ಇವತ್ತಿಗೂ ಶಿಫ್ಟ್ ಶುರುವಾಗುವುದು ಬೊಂಬೆಯಿಂದಲೇ. 200ಕ್ಕಿಂತ ಜಾಸ್ತಿ ನರ್ಸುಗಳು ನನ್ನ ಕೈಯಲ್ಲಿ ಪಳಗಿದ್ದಾರೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ನಿವೃತ್ತಿಯಾದ ಮೇಲೂ ಅಕ್ಕೋರು ಕೇಳುತ್ತಿದ್ದದ್ದು ಒಂದೇ ಮಾತು. "ಹೊಸಾದೇನ್ ಬಂತವಾ?" ಒಮ್ಮೆ ಹೇಳಿದೆ. ಗರ್ಭದ ನೀರು ತಿಳಿಯಾಗಿದ್ದು ಕೂಸು ತಾನೇ ಉಸಿರಾಡುತ್ತಿದ್ದರೆ ಬಾಯಿ, ಮೂಗಿಗೆ ಸಕ್ಷನ್ ಮಾಡಬಾರದು, ಅಂದರೆ ನಳಿಗೆ ಇಟ್ಟು ಹೀರಿ ತೆಗೆಯಬಾರದು, ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹಾಗೆ ಹೇಳಿದೆ, ಎಂದೆ. ಅವರ ಮುಖ ಸಣ್ಣದಾಯಿತು.

"ಎಲ್ಲಾ ಕೂಸಿಗೂ ಮಾಡ್ರಿ ಅಂತ ಕಲಿಸಿದ್ನಲ್ಲವಾ!"

ಟ್ರಂಕಿನಿಂದ ಹಳೆಯ ನೋಟ್‌ಬುಕ್ ತೆಗೆಸಿದರು. ನಡುಗುವ ಕೈಯಲ್ಲೇ ಆ ಸಾಲನ್ನು ಹೊಡೆದುಹಾಕಿದರು. ಪಕ್ಕದಲ್ಲಿ ಹೊಸದನ್ನು ಬರೆದು ತಾರೀಖು ಹಾಕಿದರು. ಆಗ ಅವರಿಗೆ 81.

ಆ ನೋಟ್‌ಬುಕ್ಕನ್ನು ಅವರ ಮಗ ನನಗೆ ಕೊಟ್ಟಿದ್ದಾರೆ. ಮುಂದಿನ ತಿಂಗಳು ಶಾಲೆಯ ಲೈಬ್ರರಿಗೆ ತಂದುಕೊಡುತ್ತೇನೆ. ದಯವಿಟ್ಟು ಬೀರುವಿಗೆ ಬೀಗ ಹಾಕಬೇಡಿ.