ಬಾಟಲಿ ಸಾಸಿಗೆ ಕಾಚಂಪುಳಿ

ಕ್ಯಾನ್ಸಸ್ ಸಿಟಿಯಲ್ಲಿ ಬಾರ್ಬೆಕ್ಯೂ ಸಾಸ್ ಅಂದರೆ ಟೊಮೆಟೊ, ಮೊಲಾಸಸ್ (ಸಕ್ಕರೆ ತಯಾರಿಯಲ್ಲಿ ಉಳಿಯುವ ಕಪ್ಪು ಪಾಕ) ಹಾಕಿದ ಗಟ್ಟಿ ಸಿಹಿ ಸಾಸ್. ಇಲ್ಲಿನ ಮಕ್ಕಳ ಮನೋವೈದ್ಯ ರಿಚ್ ಡೇವಿಸ್ 1977ರಲ್ಲಿ ಶುರುಮಾಡಿದ ಕೆಸಿ ಮಾಸ್ಟರ್‌ಪೀಸ್ ಎಂಬ ಬಾಟಲಿ ಸಾಸ್ ಈ ರುಚಿಯನ್ನು ಅಮೆರಿಕದ ಮೂಲೆಮೂಲೆಗೂ ಮುಟ್ಟಿಸಿತು. ಈಗ ಯಾವ ಅಂಗಡಿಗೆ ಹೋದರೂ ಇಂಥ ಬಾಟಲಿಗಳ ಸಾಲೇ ಇರುತ್ತದೆ. ನನಗೆ ಈ ಸಾಸ್ ಇಷ್ಟ. ಆದರೆ ಗಂಟೆಗಟ್ಟಲೆ ಹೊಗೆಯಲ್ಲಿ ಬೆಂದ ಹಂದಿ ಪಕ್ಕೆಲುಬಿನ ಮೇಲೆ ಅದನ್ನು ಹಾಗೇ ಸುರಿದರೆ ಹೊಗೆಯ ರುಚಿಯೂ ಹೋಗುತ್ತದೆ, ಮಾಂಸದ ರುಚಿಯೂ ಹೋಗುತ್ತದೆ.

ಹೋದ ವರ್ಷ ಜುಲೈ 4ರ ರಜೆಗೆ ಅಮ್ಮ ಸೋಮವಾರಪೇಟೆಯಿಂದ ಬಂದು ನಮ್ಮ ಜೊತೆ ಇದ್ದರು. ಬೆಳಿಗ್ಗೆಯೇ ಹಿತ್ತಲಲ್ಲಿ ಸ್ಮೋಕರ್, ಅಂದರೆ ಹೊಗೆಯಲ್ಲಿ ಬೇಯಿಸುವ ಒಲೆ, ಹೊತ್ತಿಸಿದೆ. ಪಕ್ಕದ ಮನೆಯ ಹಿರಿಯರು ಹಿಕರಿ ಕಟ್ಟಿಗೆಯ ತುಂಡುಗಳನ್ನು ಕೊಟ್ಟಿದ್ದರು. ಸ್ಪೇರ್ ರಿಬ್ಸ್ ಅನ್ನುವ ಹಂದಿ ಪಕ್ಕೆಲುಬಿನ ಒಳಮೈಗೆ ಅಂಟಿದ ತೆಳು ಪೊರೆಯನ್ನು ಪೇಪರ್ ಟವೆಲ್‌ನಲ್ಲಿ ಹಿಡಿದು ಎಳೆದರೆ ಪೂರ್ತಿ ಬಂದುಬಿಡುತ್ತದೆ. ಅದನ್ನು ಬಿಟ್ಟರೆ ತಿನ್ನುವಾಗ ರಬ್ಬರಿನ ಹಾಗೆ ಸಿಗುತ್ತದೆ. ಉಪ್ಪು, ಕಾಳುಮೆಣಸು, ಪ್ಯಾಪ್ರಿಕಾ ಸವರಿ 225 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಟ್ಟೆ. ಮೂರು ಗಂಟೆ ಬರೀ ಹೊಗೆ, ಎರಡು ಗಂಟೆ ಫಾಯಿಲ್‌ನಲ್ಲಿ ಸುತ್ತಿ, ಕೊನೆಯ ಒಂದು ಗಂಟೆ ಬಿಚ್ಚಿ. ಇಲ್ಲಿ ತುಂಬಾ ಜನ ಮಾಡುವ ಲೆಕ್ಕ ಇದು.

ಅಮ್ಮ ಬಾಟಲಿಯ ಸಾಸನ್ನು ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದರು. "ಏನ್ ಮಗ, ಇಷ್ಟು ಸಿಹಿ! ಹಂದಿಗೆ ಹುಳಿ ಬೇಡ್ವಾ?" ಅಂದರು. ಊರಿಂದ ತಂದಿದ್ದ ಕಾಚಂಪುಳಿ ಸೀಸೆ ಹೊರಗೆ ಬಂತು. ಕೊಡಗಿನ ಹಂದಿ ಕರಿಗೆ ಹಾಕುವ ಕಪ್ಪು ಹುಳಿ ಅದು. ಪಣಪುಳಿ ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಇಳಿಸಿದ್ದು.

ಬೆಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿದೆ. ಅಮ್ಮ ಕಾಳುಮೆಣಸನ್ನು ಬರೀ ಬಾಣಲೆಯಲ್ಲಿ ಘಮ್ಮೆನ್ನುವ ತನಕ ಹುರಿದು ತರಿತರಿಯಾಗಿ ಕುಟ್ಟಿ ಕೊಟ್ಟರು. ಅದರ ಮೇಲೆ ಅರ್ಧ ಬಾಟಲಿ ಸಾಸ್. ಸಣ್ಣ ಉರಿ ಸಾಕು, ಸಕ್ಕರೆ ಜಾಸ್ತಿ ಇರುವುದರಿಂದ ಬೇಗ ತಳ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಫಾಯಿಲ್ ಬಿಚ್ಚುವ ಸಮಯವಾಗಿತ್ತು. ಒಳಗೆ ನಿಂತಿದ್ದ ರಸವನ್ನು ಬಟ್ಟಲಿಗೆ ಬಗ್ಗಿಸಿ, ಮೇಲೆ ತೇಲಿದ ಕೊಬ್ಬು ತೆಗೆದು, ಉಳಿದದ್ದನ್ನು ಸಾಸಿಗೆ ಸೇರಿಸಿದೆ. ನನ್ನನ್ನು ಕೇಳಿದರೆ ಈ ರಸಕ್ಕಿಂತ ಒಳ್ಳೆಯ ಮಸಾಲೆ ಇಲ್ಲ. ಹೊಗೆ, ಉಪ್ಪು, ಮಾಂಸದ ಸಾರ ಎಲ್ಲ ಅದರಲ್ಲೇ ಇರುತ್ತದೆ. ಎಷ್ಟೋ ಜನ ಸುಮ್ನೆ ಚೆಲ್ಲಿಬಿಡುತ್ತಾರೆ, ನೋಡಿದರೆ ಸಂಕಟವಾಗುತ್ತದೆ.

ಆಮೇಲೆ ಕಾಚಂಪುಳಿ, ಒಂದು ಟೀ ಚಮಚ. ಆಪಲ್ ಸೈಡರ್ ವಿನೆಗರ್ ಕೂಡ ಒಳ್ಳೆಯದೇ, ಕಾಚಂಪುಳಿ ಇಲ್ಲದವರು ಅದನ್ನೇ ಹಾಕಲಿ. ಆದರೆ ವಿನೆಗರ್ ಕುದಿಸಿದಷ್ಟೂ ಅದರ ಘಾಟು ಹಾರಿಹೋಗುತ್ತದೆ, ಹಾಗಾಗಿ ಕೊನೆಗೆ ಹಾಕಬೇಕು. ಕಾಚಂಪುಳಿಯ ಹುಳಿ ಕುದಿದರೂ ಹೋಗುವುದಿಲ್ಲ, ಸಾಸಿನ ಬಣ್ಣವೂ ಗಾಢವಾಗುತ್ತದೆ.

ಚಮಚದಲ್ಲಿ ನೆಕ್ಕಿ ನೋಡಿದರೆ ಹುಳಿ ತುಸು ಮುಂದಾಗಿತ್ತು. ಹಾಗೇ ಇರಬೇಕು. ತುದಿಯಿಂದ ಸಣ್ಣ ಮಾಂಸದ ತುಂಡು ಕಿತ್ತು ಸಾಸಿನಲ್ಲಿ ಅದ್ದಿ ಅಮ್ಮನಿಗೆ ಕೊಟ್ಟೆ. ಕೊಬ್ಬಿನ ಜೊತೆ ಸೇರಿದ ಕೂಡಲೇ ಹುಳಿ ತಗ್ಗಿ, ಖಾರ ನಿಧಾನಕ್ಕೆ ಎದ್ದು, ಕೊನೆಗೆ ಹೊಗೆ ಬಂತು. "ಈಗ ಆಯ್ತು ನೋಡು," ಅಂದರು. ಸಾಸಿನ ರುಚಿಯನ್ನು ಮಾಂಸದ ಜೊತೆಗೇ ನೋಡಬೇಕು ಅಲ್ವಾ?

ಕೊನೆಯ ಅರ್ಧ ಗಂಟೆಯಲ್ಲಿ ಬ್ರಷ್‌ನಿಂದ ತೆಳುವಾಗಿ ಎರಡು ಸಲ ಹಚ್ಚಿದೆ. ಮೊದಲೇ ಹಚ್ಚಿದರೆ ಸಕ್ಕರೆ ಕರಿಯಾಗಿ ಕಹಿ ಬರುತ್ತದೆ. ಪಕ್ಕದ ಮನೆಯವರು ಇದೇ ಊರಲ್ಲಿ ಹುಟ್ಟಿ ಬೆಳೆದವರು, ಸಾಸಿನ ವಿಷಯದಲ್ಲಿ ಸುಲಭಕ್ಕೆ ಒಪ್ಪುವವರಲ್ಲ. ಮೂಳೆ ಚೀಪಿ ಮುಗಿಸಿ ಆ ಕಪ್ಪು ಸೀಸೆ ತೋರಿಸಿ ಅಂದರು. ಹೊರಡುವಾಗ ಅಮ್ಮ ಪುಟ್ಟ ಡಬ್ಬಿಯಲ್ಲಿ ಅವರಿಗೂ ಸ್ವಲ್ಪ ಹಾಕಿಕೊಟ್ಟು, ಒಂದೇ ಚಮಚ, ಜಾಸ್ತಿ ಹಾಕಬೇಡಿ ಅಂತ ನನ್ನ ಕೈಲಿ ಇಂಗ್ಲಿಷಿನಲ್ಲಿ ಹೇಳಿಸಿದರು.