ನೆತ್ತಿ ಎಣಿಕೆ: ಬುರುಡೆ ನಿಂತಿತು, ಚರ್ಮ ನಿಲ್ಲಲಿಲ್ಲ

ಔಷಧಿ ನಾಟುತ್ತದೋ ಇಲ್ಲವೋ ನೋಡಲು ನನ್ನ ನೆತ್ತಿಯ ಕೂದಲು ಎಣಿಸುವ ಕ್ಯಾಮೆರಾ ಸ್ಟ್ಯಾಂಡೊಂದನ್ನು ಮನೆಯಲ್ಲೇ ಕಟ್ಟಿದ್ದೇನೆ. ಒಂದೇ ಸಂಜೆ, ಒಂದೇ ನೆತ್ತಿ, ನಡುವೆ ಒಂದು ಚಹಾ. ಮೊದಲ ಫೋಟೋದಲ್ಲಿ ಚದರ ಸೆಂಟಿಮೀಟರಿಗೆ 142 ಕೂದಲು, ಎರಡನೆಯದರಲ್ಲಿ 163. ಚಹಾಕ್ಕೆ ಅಷ್ಟು ಶಕ್ತಿ ಇದ್ದಿದ್ದರೆ ನಾವ್ಯಾರೂ ಮಿನಾಕ್ಸಿಡಿಲ್ (ಕೂದಲು ಬರಲೆಂದು ನೆತ್ತಿಗೆ ಹಚ್ಚುವ ಔಷಧಿ) ಬಾಟಲಿ ಹಿಡಿಯುತ್ತಿರಲಿಲ್ಲ.

ಈ 21ರ ವ್ಯತ್ಯಾಸ ಯಾಕೆ ನಿದ್ದೆ ಕೆಡಿಸಿತು ಅಂದರೆ, 1998ರಲ್ಲಿ ಪ್ರಕಟವಾದ ಫಿನಾಸ್ಟರೈಡ್ (ಹಾರ್ಮೋನು ತಗ್ಗಿಸಿ ಕೂದಲು ಉಳಿಸುವ ಮಾತ್ರೆ) ಪ್ರಯೋಗದ ಲೆಕ್ಕ ನೋಡಿ. 1553 ಗಂಡಸರು. ಒಂದು ಇಂಚು ಅಗಲದ ವೃತ್ತದೊಳಗೆ ಶುರುವಿನಲ್ಲಿ ಸರಾಸರಿ 876 ಕೂದಲು. ವರ್ಷದ ಕೊನೆಗೆ ಔಷಧಿ ನುಂಗಿದವರಿಗೂ ಸುಳ್ಳು ಮಾತ್ರೆ ನುಂಗಿದವರಿಗೂ ಇದ್ದ ಅಂತರ 107 ಕೂದಲು. ಆ ವೃತ್ತ ಸುಮಾರು 5 ಚದರ ಸೆಂಟಿಮೀಟರ್. ಭಾಗಿಸಿ ನೋಡಿ, ಚದರ ಸೆಂಟಿಮೀಟರಿಗೆ 21. ಒಂದು ಗಟ್ಟಿ ಔಷಧಿ ವರ್ಷವಿಡೀ ಮಾಡಿದ ಕೆಲಸವನ್ನು ನನ್ನ ಸ್ಟ್ಯಾಂಡು ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಿತ್ತು. ಹೀಗೆ ಅಳೆದರೆ ಯಾವ ಎಣ್ಣೆ ಹಚ್ಚಿದರೂ ಫಲ ಕಾಣುತ್ತದೆ. ಮುಂದಿನ ತಿಂಗಳು ಅದೇ ಎಣ್ಣೆ ಕೈಕೊಟ್ಟ ಹಾಗೂ ಕಾಣುತ್ತದೆ.

ಈ ಎಣಿಕೆಯ ಹುಚ್ಚು ಶುರುವಾಗಿದ್ದು ಪಿಪಿ405 ಸುದ್ದಿಯಿಂದ. ಲಾಸ್ ಏಂಜಲೀಸ್‌ನ ಪೆಲಾಜ್ ಕಂಪನಿಯ, ಕೂದಲು ಬರಿಸಲೆಂದು ಮಾಡಿದ ಲೇಪನ ಅದು. ಮೂಲ ಕೆಲಸ ನಡೆದದ್ದು ಅಲ್ಲಿನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ, 2017ರಲ್ಲಿ ಇಲಿಗಳ ಮೇಲೆ. ಕೂದಲ ಬುಡದ ಕಾಂಡಕೋಶಗಳಲ್ಲಿ ಪೈರುವೇಟ್ (ಸಕ್ಕರೆ ಒಡೆದಾಗ ಸಿಗುವ ವಸ್ತು) ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯದೊಳಗೆ ಹೋಗುವ ದಾರಿ ಮುಚ್ಚಿದರೆ ಲ್ಯಾಕ್ಟೇಟ್ ಹೆಚ್ಚುತ್ತದೆ, ಮಲಗಿದ ಕೋಶ ಏಳುತ್ತದೆ ಅನ್ನುವ ಲೆಕ್ಕ. ಹಾರ್ಮೋನಿನ ತಂಟೆಗೆ ಹೋಗುವುದೇ ಇಲ್ಲ. ನನ್ನ ಹಾಗೆ ಫಿನಾಸ್ಟರೈಡಿಗೆ ಹೆದರಿ ಕೂತವರಿಗೆ ಕಿವಿ ನೆಟ್ಟಗಾಗಲು ಇಷ್ಟು ಸಾಕು.

2025ರ ಜೂನ್‌ನಲ್ಲಿ ಎರಡನೇ ಹಂತದ ಮೊದಲ ಭಾಗದ ಫಲಿತಾಂಶ ಬಂತು. ಒಟ್ಟು 78 ಜನ. ನಾಲ್ಕು ವಾರ ಹಚ್ಚಿ, ಎಂಟನೇ ವಾರ ನೋಡಿದರು. ಹೆಚ್ಚು ಕೂದಲು ಕಳೆದುಕೊಂಡ ಗಂಡಸರಲ್ಲಿ ಶೇ. 31ರಷ್ಟು ಮಂದಿಗೆ ಸಾಂದ್ರತೆ ಶೇ. 20ಕ್ಕಿಂತ ಜಾಸ್ತಿ ಏರಿತ್ತು. ಔಷಧಿ ಇಲ್ಲದ ಬರೀ ಜೆಲ್ ಹಚ್ಚಿದವರಲ್ಲಿ ಸೊನ್ನೆ. ಓದಿದ ರಾತ್ರಿ ನಾನು ಕನ್ನಡಿ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಂತಿದ್ದು ನಿಜ. ಬೆಳಿಗ್ಗೆ ಮತ್ತೆ ಓದಿದೆ. ಆ 31 ಎಲ್ಲರ ಲೆಕ್ಕ ಅಲ್ಲ, ಒಂದು ಗುಂಪಿನದು. ಆ ಹಂತದ ಮುಖ್ಯ ಉದ್ದೇಶ ಸುರಕ್ಷತೆ ನೋಡುವುದು. ಒಂದು ಕೂದಲು ಉದುರುವ ಮೊದಲು ವಿಶ್ರಾಂತಿಯಲ್ಲಿ ಇರುವುದೇ ಸುಮಾರು ಮೂರು ತಿಂಗಳು. ಹಾಗಿರುವಾಗ ಎಂಟು ವಾರದ ಫಲ ನಿಜವಾದರೆ ದೊಡ್ಡ ಸಂಗತಿ. ಅಷ್ಟು ಬೇಗ ಬಂದಿದ್ದಕ್ಕೇ ನನಗೆ ಅನುಮಾನವೂ ಹೌದು. 2012ರಲ್ಲಿ ಪ್ರೋಸ್ಟಾಗ್ಲಾಂಡಿನ್ ಡಿ2 ಅನ್ನುವ ದೇಹದ ರಾಸಾಯನಿಕ ಬೋಳುತಲೆಯಲ್ಲಿ ಜಾಸ್ತಿ ಇದೆ ಅಂತ ಗೊತ್ತಾದಾಗಲೂ ಹೀಗೇ ಕುಣಿದಿದ್ದೆವು, ಅಲ್ವಾ? ಅದನ್ನು ತಡೆಯುವ ಸೆಟಿಪಿಪ್ರಾಂಟ್ ಮಾತ್ರೆ ಜನರ ಮೇಲೆ ಪರೀಕ್ಷಿಸಿದಾಗ ಕೆಲಸ ಮಾಡಲಿಲ್ಲ.

ಪಿಪಿ405 ಪುಡಿಯನ್ನೇ ಕಳಿಸುತ್ತೇವೆ ಅನ್ನುವವರೂ ಈಗ ಹುಟ್ಟಿಕೊಂಡಿದ್ದಾರೆ. ಒಬ್ಬನ ಹತ್ತಿರ ಶುದ್ಧತೆಯ ಪತ್ರ ಕೇಳಿದೆ. ಬೇರೆ ಯಾವುದೋ ಪುಡಿಯ ಪತ್ರ ಕಳಿಸಿದ, ಹೆಸರಿನ ಜಾಗಕ್ಕೆ ಬಿಳಿ ಬಣ್ಣ ಬಳಿದು. ನೆತ್ತಿಗೆ ಹಚ್ಚುವುದಕ್ಕೆ ಇವನಿಗಿಂತ ನಮ್ಮಜ್ಜಿಯ ಗರುಗದ ಎಣ್ಣೆ ವಾಸಿ, ವಾಸನೆಯಾದರೂ ಚೆನ್ನಾಗಿರುತ್ತದೆ.

ಹಾಗಾಗಿ ಸದ್ಯದ ಪ್ರಯೋಗ ಹಳೆಯದೇ. ಮಿನಾಕ್ಸಿಡಿಲ್ 5 ಪರ್ಸೆಂಟ್ ಎರಡೂ ಬದಿಗೆ, ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳ ರೋಲರ್ ಉರುಳಿಸಿ ಚರ್ಮ ಚುಚ್ಚುವುದು) ಎಡಕ್ಕೆ ಮಾತ್ರ. 2013ರ ಮುಂಬೈ ಪ್ರಯೋಗ ನಿಮಗೆಲ್ಲ ಬಾಯಿಪಾಠ ಇದ್ದೇ ಇರುತ್ತದೆ: 100 ಗಂಡಸರು, 12 ವಾರ, ವಾರಕ್ಕೊಮ್ಮೆ 1.5 ಮಿಲಿಮೀಟರಿನ ರೋಲರ್. ರೋಲರ್ ಇದ್ದವರಿಗೆ ಸರಾಸರಿ 91 ಕೂದಲು ಜಾಸ್ತಿ, ಬರೀ ಮಿನಾಕ್ಸಿಡಿಲ್‌ಗೆ 22. ಎಣಿಸಿದವರಿಗೆ ಯಾರು ಯಾವ ಗುಂಪು ಅಂತ ಗೊತ್ತಿರಲಿಲ್ಲ, ಚುಚ್ಚಿಸಿಕೊಂಡವರಿಗೆ ಮಾತ್ರ ಚೆನ್ನಾಗೇ ಗೊತ್ತಿತ್ತು. 91 ನಂಬಲು ಆಸೆ. ಆಸೆ ಇರುವುದಕ್ಕೇ ಅಳತೆ ಗಟ್ಟಿ ಇರಬೇಕು.

ಸ್ಟ್ಯಾಂಡಿನ ಕತೆ ಚಿಕ್ಕದಾಗಿ ಹೇಳುತ್ತೇನೆ. ಪ್ಲೈವುಡ್ ಶಿರಸಿಯ ಮಳೆಗೆ ಉಬ್ಬಿತು. ಕಿಟಕಿ ಮಾಡುವವರ ಹತ್ತಿರ ಅಲ್ಯೂಮಿನಿಯಂ ತುಂಡು ತಂದು ಮತ್ತೆ ಕಟ್ಟಿದೆ. ಯುಎಸ್‌ಬಿ ಮೈಕ್ರೋಸ್ಕೋಪು, ಸುತ್ತ ಎಲ್‌ಇಡಿ. ನೆತ್ತಿಯ ಎಣ್ಣೆ ಹೊಳೆಯದಿರಲು ದೀಪಕ್ಕೊಂದು, ಲೆನ್ಸಿಗೊಂದು ಪೋಲರೈಸರ್ ಫಿಲ್ಮ್, ಒಂದಕ್ಕೊಂದು ಅಡ್ಡಡ್ಡ. ತರಿಸಿದ ಫಿಲ್ಮ್ ಹುಬ್ಬಳ್ಳಿವರೆಗೆ ಬೇಗ ಬಂತು, ಅಲ್ಲಿಂದ ಮೇಲೆ ಏಳಲಿಲ್ಲ. ಕೊನೆಗೂ ಕೈಗೆ ಬಂದಾಗ ಲ್ಯಾಪ್‌ಟಾಪ್ ಪರದೆ ಮುಂದೆ ಹಿಡಿದು ತಿರುಗಿಸಿದೆ. ನಿಜವಾದ ಪೋಲರೈಸರ್ ಆಗಿದ್ದರೆ ಒಂದು ಕೋನದಲ್ಲಿ ಪರದೆ ಕಪ್ಪಾಗಬೇಕು. ಆಗಲಿಲ್ಲ. ಕಾರಿನ ಗಾಜಿಗೆ ಅಂಟಿಸುವ ಕಪ್ಪು ಹಾಳೆ ಅದು. ಮಾರಿದವನು ‘ಸರ್, ನೀವು ತಿರುಗಿಸಿದ್ದು ಸರಿ ಇಲ್ಲ’ ಅಂದ. ಕೆಟ್ಟುಹೋದ ಹಳೆಯ ಮಾನಿಟರಿನ ಮೇಲಿನ ಫಿಲ್ಮ್ ಸುಲಿದು ಕೆಲಸ ಮುಗಿಸಿದೆ. ಅಂಟು ತೆಗೆಯುವ ಹೊತ್ತಿಗೆ ಉಗುರೇ ಹೋಗುವುದಿತ್ತು.

ಈಗ ನಿಜವಾದ ತಲೆನೋವು. ತಲೆ ಪ್ರತಿ ಸಲ ಅದೇ ಜಾಗಕ್ಕೆ ಬರಬೇಕು. ಗಲ್ಲಕ್ಕೆ ಆಸರೆ ಕೊಟ್ಟರೆ ಆಗಲಿಲ್ಲ, ಕೆಳದವಡೆ ಅಲುಗುತ್ತದೆ. ಮೇಲಿನ ಹಲ್ಲು ಮಾತ್ರ ಬುರುಡೆಗೇ ಗಟ್ಟಿಯಾಗಿ ಕೂತಿರುವುದು. ಹಲ್ಲಿನ ಡಾಕ್ಟರ್ ಗೆಳೆಯನ ಹತ್ತಿರ ಅಚ್ಚು ತೆಗೆಯುವ ಪುಟ್ಟಿ ತಂದು, ಅಲ್ಯೂಮಿನಿಯಂ ಪಟ್ಟಿಗೆ ಮೆತ್ತಿ, ಕಚ್ಚಿ ಹಿಡಿದೆ. ಬುರುಡೆ ನಿಂತಿತು. ಜೊಲ್ಲು ನಿಲ್ಲಲಿಲ್ಲ, ಅದು ಬೇರೆ.

ಆದರೂ ಎಣಿಕೆ ಕುಣಿಯುತ್ತಲೇ ಇತ್ತು. ಬುರುಡೆಯ ಮೇಲೆ ಚರ್ಮ ಜಾರುತ್ತದೆ! ಹುಬ್ಬು ಏರಿಸಿ ನೆತ್ತಿ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಒಂದು ಸೆಂಟಿಮೀಟರಿನ ಚೌಕ ಎರಡು ಮಿಲಿಮೀಟರ್ ಸರಿದರೆ ಐದರಲ್ಲಿ ಒಂದು ಪಾಲು ಹೊಸ ಜಾಗ. ನೆತ್ತಿಯಂಚಿನಲ್ಲಿ ಆ ಒಂದು ಪಾಲು ದಟ್ಟವೋ ಬೋಳೋ ಅನ್ನುವುದರ ಮೇಲೆ ಇಡೀ ಲೆಕ್ಕ ಮೇಲೆ ಕೆಳಗೆ.

ದೊಡ್ಡ ಪ್ರಯೋಗಗಳಲ್ಲಿ ಇದಕ್ಕೆ ನೆತ್ತಿಗೆ ಒಂದು ಹಚ್ಚೆ ಚುಕ್ಕೆ ಹಾಕುತ್ತಾರೆ. ನಾನು ಮಾರ್ಕರ್ ಹಚ್ಚಿದೆ, ತಲೆಸ್ನಾನಕ್ಕೆ ಹೋಯಿತು. ಮದರಂಗಿ ಚರ್ಮದ ಜೊತೆಗೇ ಸುಲಿದುಹೋಗುತ್ತದೆ. ಸೋದರಮಾವ ‘ಕರಿಗೇರಿನ ಎಣ್ಣೆ ಒಂದು ಹನಿ ಹಾಕು, ಅಗಸರು ಬಟ್ಟೆಗೆ ಗುರುತು ಹಾಕ್ತಿದ್ದಿದ್ದು ಅದರಲ್ಲೇ’ ಅಂದರು. ಅದು ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ ಮಾವ, ಬೇಡ. ಗೋಕರ್ಣದಲ್ಲಿ ಹಚ್ಚೆ ಅಂಗಡಿ ಬೇಕಾದಷ್ಟಿವೆ, ಹೋಗಿ ಬರಲಾ ಅಂತ ಮನೆಯಲ್ಲಿ ಕೇಳಿದೆ. ‘ಮುಡಿ ಕೊಡೋಕೆ ತಿರುಪತಿಗೆ ಹೋಗೋರನ್ನ ನೋಡಿದ್ದೆ. ಎಣಿಸೋಕೆ ಗೋಕರ್ಣಕ್ಕೆ ಹೋಗೋರನ್ನ ಇದೇ ಮೊದಲು’ ಅಂದಳು ಹೆಂಡತಿ. ಹಚ್ಚೆ ಅಲ್ಲಿಗೇ ನಿಂತಿತು.

ದಾರಿ ಸಿಕ್ಕಿದ್ದು ಗುರುತು ಹಾಕುವುದನ್ನು ಬಿಟ್ಟ ಮೇಲೆ. ಗುರುತು ಮೊದಲೇ ಇದೆಯಲ್ಲ! ಕೂದಲು ಒಂದೊಂದಾಗಿ ಏಳುವುದಿಲ್ಲ. ಕೆಲವು ರಂಧ್ರದಲ್ಲಿ ಒಂದು, ಕೆಲವಲ್ಲಿ ಎರಡು, ಕೆಲವಲ್ಲಿ ಮೂರು. ಆ ಮೂರರ ಗುಂಪುಗಳು ಎಲ್ಲಿವೆ ಅನ್ನುವ ನಕ್ಷೆ ಚರ್ಮ ಜಾರಿದರೂ ಬದಲಾಗುವುದಿಲ್ಲ. ಈಗ ಎರಡು ಸೆಂಟಿಮೀಟರ್ ಅಗಲದ ಫೋಟೋ ತೆಗೆಯುತ್ತೇನೆ. ಫಿಜಿಯಲ್ಲಿ (ಫೋಟೋ ಅಳೆಯುವ ಸಾಫ್ಟ್‌ವೇರ್, ಇಮೇಜ್‌ಜೆ ಇದ್ದವರಿಗೆ ಬೇರೆ ಹೇಳಬೇಕಿಲ್ಲ) ಮೂರರ ಆರು ಗುಂಪು, ಒಂದು ಸಣ್ಣ ಮಚ್ಚೆ ಹಿಡಿದು ಹೊಸ ಫೋಟೋವನ್ನು ಹಳೆಯದರ ಮೇಲೆ ಕೂರಿಸುತ್ತೇನೆ. ಚೌಕ ಕತ್ತರಿಸುವುದು ಆಮೇಲೆ. ಕಚ್ಚುವ ಪಟ್ಟಿಯೇ ಇಲ್ಲದೆ ತೆಗೆದ ಫೋಟೋಗಳೂ ಕೂತವು. ಪುಟ್ಟಿಯ ದುಡ್ಡು ನೀರಿಗೆ.

ಹೀಗೆ ಒಂದೇ ಸಂಜೆ ತೆಗೆದ ಮೂರು ಫೋಟೋಗಳ ಎಣಿಕೆ: 151, 153, 150. ಕುರ್ಚಿಯಿಂದ ಎದ್ದು ಕೂಗಿದೆ. ಅಡುಗೆಮನೆಯಿಂದ ‘ಏನಾಯ್ತು, ಕೂದಲು ಬಂತಾ?’ ಅಂತ ಕೇಳಿತು. ಇಲ್ಲ, ಬರದಿದ್ದರೆ ಬರಲಿಲ್ಲ ಅಂತ ಈಗ ಹೇಳಬಹುದು!

ಉಳಿದಿದ್ದು ನನ್ನ ಕಣ್ಣಿನ ಆಸೆ. ನವಿರು ಕೂದಲನ್ನು ಎಣಿಸಬೇಕೋ ಬಿಡಬೇಕೋ ಅನ್ನುವಲ್ಲಿ ಕೈ ತಂತಾನೇ ಹೊಸ ಫೋಟೋದ ಕಡೆ ವಾಲುತ್ತದೆ. ಅದಕ್ಕೆ ಅಕ್ಕನ ಮಗಳು ಫೈಲುಗಳ ಹೆಸರು ಬದಲಿಸಿ ಕಲಸಿ ಕೊಡುತ್ತಾಳೆ, ಪಟ್ಟಿ ಅವಳ ಹತ್ತಿರ. ಫೈಲಿಗೊಂದು ಚಾಕಲೇಟ್. ದಪ್ಪದ ಅಳತೆ ಇನ್ನೂ ಕೈಗೆ ಹತ್ತಿಲ್ಲ. ಎಣಿಕೆ ಅಷ್ಟೇ ಇದ್ದು ಕೂದಲು ದಪ್ಪವಾದರೂ ತಲೆ ತುಂಬಿದ ಹಾಗೆ ಕಾಣುತ್ತದೆ, ಹಾಗಾಗಿ ಅದನ್ನೂ ಬಿಡುವ ಹಾಗಿಲ್ಲ.

ನಡುವೆ ಅಪ್ಪ ಒಂದು ದಿನ ಹಿಂದೆ ನಿಂತು ಪರದೆ ನೋಡಿದರು. ‘ತಮಾ, ಇಷ್ಟೆಲ್ಲ ಎಣಿಸ್ತೀಯಲ್ಲ, ನಮ್ಮ ತೋಟದ ಎಲೆಚುಕ್ಕೆ ಎಣಿಸು. ಔಷಧಿ ಹೊಡೆದಿದ್ದು ನಾಟಿತೋ ಇಲ್ಲವೋ ಗೊತ್ತಾಗ್ತದೆ.’ ಒದ್ದೆ ಅಡಿಕೆ ಸೋಗೆ ಕೂಡ ನೆತ್ತಿಯಷ್ಟೇ ಹೊಳೆಯುತ್ತದೆ, ಅದಕ್ಕೂ ಇದೇ ಫಿಲ್ಮ್ ಸಾಕು. ಚುಕ್ಕೆ ಕೂದಲಿಗಿಂತ ದೊಡ್ಡದು, ಮೊಬೈಲ್ ಕ್ಯಾಮೆರಾ ನಡೆಯುತ್ತದೆ. ಮೇಲಾಗಿ ಎಲೆಗೆ ಆಸೆ ಇರುವುದಿಲ್ಲ, ಸುಳ್ಳು ಔಷಧಿಗೆ ಅದು ಗುಣ ತೋರಿಸುವುದಿಲ್ಲ. ಒಂದು ಸಾಲಿಗೆ ಮದ್ದು, ಪಕ್ಕದ ಸಾಲಿಗೆ ಬರೀ ನೀರು ಹೊಡೆಯೋಣ ಅಂದೆ. ನೀರಿನ ಸಾಲು ಯಾವುದು ಅನ್ನುವಲ್ಲಿ ಮಾತು ನಿಂತಿದೆ. ಅಪ್ಪ ಒಂದು ಮರವನ್ನೂ ಬಿಟ್ಟುಕೊಡುತ್ತಿಲ್ಲ.

ರೋಲರ್ ಈ ವಾರ ಶುರು. ಎಡ, ಬಲ ಎರಡರ ಆರಂಭದ ಎಣಿಕೆಗೆ ಬೀಗ ಹಾಕಿ ಇಟ್ಟಿದ್ದೇನೆ. ಎರಡೂ ಬದಿಯ ಅಂತರ ಹತ್ತು ದಾಟದೆ ನಾನು ಬಾಯಿ ಬಿಡುವುದಿಲ್ಲ. ಅಂಟಿಲ್ಲದ ಲೀನಿಯರ್ ಪೋಲರೈಸರ್ ಹಾಳೆ ಹುಬ್ಬಳ್ಳಿಯಲ್ಲೋ ಕಾರವಾರದಲ್ಲೋ ಯಾರಿಗಾದರೂ ಸಿಕ್ಕಿದ್ದರೆ ಹೇಳಿ. ಇನ್ನೊಂದು ಮಾನಿಟರ್ ಸುಲಿಯಲು ಮನೆಯಲ್ಲಿ ಒಪ್ಪುತ್ತಿಲ್ಲ, ಅದು ಇನ್ನೂ ಕೆಟ್ಟಿಲ್ಲವಂತೆ.