ಕಾಫಿ ಹದಿನೆಂಟಾದ ದಿನ

ಬೆಳಗ್ಗೆ 5.40. ಶಟರ್ ಅರ್ಧ ಎತ್ತಿತ್ತು. ಬಗ್ಗಿ ಒಳಗೆ ಹೋದೆ. ನಮ್ಮ ಮಾಲೀಕರು ಸ್ಟೂಲ್ ಮೇಲೆ ನಿಂತಿದ್ದರು. ಕೈಯಲ್ಲಿ ಕತ್ತರಿ, ತುಟಿಯ ನಡುವೆ ಸೆಲ್ಲೋಟೇಪಿನ ತುಂಡು. ಕಾಫಿ ಕೌಂಟರ್ ಮೇಲಿನ ದರಪಟ್ಟಿಯಲ್ಲಿ 15 ಇದ್ದ ಕಡೆ 18 ಅಂತ ಬರೆದ ಬಿಳಿ ಚೀಟಿ ಅಂಟಿಸುತ್ತಿದ್ದರು.

"ಇಪ್ಪತ್ತೇ ಮಾಡಿಬಿಡಿ ಸಾರ್, ಚಿಲ್ಲರೆ ಕಾಟ ಇರಲ್ಲ" ಅಂದೆ.

"ಇಪ್ಪತ್ತು ಅಂದ್ರೆ ಓಡ್ತಾರೆ ಮಾರಾಯ. ಹದಿನೆಂಟು ಅಂದ್ರೆ ಬೈದ್ಕೊಂಡು ಕುಡೀತಾರೆ."

ಮೂವತ್ತು ವರ್ಷ ಹೋಟೆಲ್ ನಡೆಸಿದವರ ಲೆಕ್ಕ ಅದು, ತಪ್ಪಾಗೋದು ಕಡಿಮೆ. ಬೈಸಿಕೊಳ್ಳೋದು ಯಾರು ಅನ್ನೋದನ್ನ ಮಾತ್ರ ಅವರು ಹೇಳಲಿಲ್ಲ.

ಅವತ್ತು 2025ರ ಏಪ್ರಿಲ್ 1, ಮಂಗಳವಾರ. ರಾಜಾಜಿನಗರದ ಕಡೆ ಒಂದು ದರ್ಶಿನಿಯಲ್ಲಿ ನಾನು ಟೋಕನ್ ಕೌಂಟರ್ ನೋಡಿಕೊಳ್ಳುತ್ತಿದ್ದೆ. ಊರಲ್ಲಿ ಯಾರಾದರೂ ಕೇಳಿದರೆ ಅಮ್ಮ "ಬೆಂಗಳೂರಲ್ಲಿ ಕ್ಯಾಶಿಯರ್" ಅನ್ನುತ್ತಿದ್ದಳು. ಬಿಕಾಂ ಮಾಡಿದ್ದೀನಲ್ಲ, ಕೇಳೋಕೆ ಚೆನ್ನಾಗೇ ಇತ್ತು. ದರ್ಶಿನಿ ಅಂದರೆ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ದುಡ್ಡು ಕೊಡು, ಟೋಕನ್ ತಗೋ, ನಿಂತುಕೊಂಡು ತಿನ್ನು, ನಡಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದ ಇದೇ ಕ್ರಮ. ಬರ್ಗರ್, ಪಿಜ್ಜಾ ಎಲ್ಲ ಆಮೇಲೆ ಬಂದವು. ನಮ್ಮ ಫಾಸ್ಟ್ ಫುಡ್ ಇದೇ. ಇದರಲ್ಲಿ ಒಂದು ಸಣ್ಣ ತೊಂದರೆ ಇದೆ. ಬರುವ ಪ್ರತಿಯೊಬ್ಬನೂ ಮೊದಲು ನೋಡುವ ಮುಖ ಟೋಕನ್ ಕೊಡುವವನದು. ಉಪ್ಪು ಹಾಕಿದವನು ಒಳಗಿರುತ್ತಾನೆ, ರೇಟು ಏರಿಸಿದವರು ಮನೆಯಲ್ಲಿರುತ್ತಾರೆ. ಕಂಬಿಯ ಈ ಕಡೆ ಸಿಕ್ಕಿಹಾಕಿಕೊಂಡು ಕೂತಿರೋದು ನಾನು.

ಆ ದಿನ ಏರಿದ್ದು ಒಂದೆರಡಲ್ಲ. ಹಾಲಿಗೆ ಲೀಟರಿಗೆ 4 ರೂಪಾಯಿ, ಕರೆಂಟಿಗೆ ಯೂನಿಟ್‌ಗೆ 36 ಪೈಸೆ. ಬೆಂಗಳೂರಲ್ಲಿ ಕಸಕ್ಕೂ ಬೇರೆ ಶುಲ್ಕ. ಕಾಫಿ ಪುಡಿಯಂತೂ ಅದಕ್ಕೂ ಮೊದಲೇ, ಕೆಲವೇ ತಿಂಗಳಲ್ಲಿ ಮೇಲೆ ಹೋಗಿ ಕೂತಿತ್ತು.

"ಯಾರಾದ್ರೂ ಕೇಳಿದ್ರೆ ಬ್ರೆಜಿಲ್‌ನಲ್ಲಿ ಮಳೆ ಬರ್ಲಿಲ್ಲ ಅಂತ ಹೇಳು" ಅಂದರು ಮಾಲೀಕರು, ಸ್ಟೂಲಿಂದ ಇಳಿಯುತ್ತಾ. ತಮಾಷೆ ಮಾಡುತ್ತಿರಲಿಲ್ಲ. ಬ್ರೆಜಿಲ್, ವಿಯೆಟ್ನಾಂನಲ್ಲಿ ಬರ ಬಿದ್ದು ಜಗತ್ತಿಗೆಲ್ಲ ಕಾಫಿ ಬೀಜದ ಬೆಲೆ ಏರಿದ್ದು ನಿಜವೇ. ಆದರೆ ಬೆಳಗ್ಗೆ ಆರೂವರೆಗೆ, ಮಫ್ಲರ್ ಸುತ್ತಿಕೊಂಡು ಬಂದ ಮನುಷ್ಯನಿಗೆ ಬ್ರೆಜಿಲ್ ಮಳೆ ಬಗ್ಗೆ ಹೇಳಿ ನೋಡಿ.

ಇದರ ಜೊತೆಗೆ ಜನ ಇಲ್ಲ. ಭಾನುವಾರ ಯುಗಾದಿ, ಸೋಮವಾರ ಹೊಸತೊಡಕು, ಅದೇ ದಿನ ರಂಜಾನ್ ಬೇರೆ. ಕ್ಲೀನಿಂಗ್ ಹುಡುಗರಲ್ಲಿ ಮೂವರು ರಾಯಚೂರು ಕಡೆಯವರು, ಹಬ್ಬಕ್ಕೆ ಹೋದವರು ಬಂದಿರಲಿಲ್ಲ. ಫೋನ್ ಮಾಡಿದರೆ "ಬಸ್ಸಿನಾಗ ಅದೀವ್ರಿ" ಅನ್ನುತ್ತಿದ್ದರು. ಹಿಂದೆ ಕೋಳಿ ಕೂಗೋದು ಕೇಳಿಸುತ್ತಿತ್ತು. ದೋಸೆ ಭಟ್ಟರು, ಕಾಫಿ ಹಾಕುವ ಅಣ್ಣ, ಒಳಗೆ ಇಬ್ಬರು ಮತ್ತು ನಾನು. ಇಷ್ಟೇ ಜನ.

ಮೊದಲ ಗಿರಾಕಿ ಬಂದಾಗ ಇನ್ನೂ ಕತ್ತಲು. ದಿನಾ ಬರುವ ಆಟೋದವರು. ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದರು, ಒತ್ತಿದರು, ಟೋಕನ್ ತಗೊಂಡು ಹೋದರು. ಮೂರು ಸೆಕೆಂಡ್ ಬಿಟ್ಟು ಸ್ಪೀಕರ್ ಡಬ್ಬಿ ಕೂಗಿತು: "ಹದಿನೈದು ರೂಪಾಯಿ ಸ್ವೀಕರಿಸಲಾಗಿದೆ."

"ಅಣ್ಣಾ, ಇನ್ನೂ ಮೂರು!"

ಅವರು ಲೋಟ ಹಿಡಿದೇ ತಿರುಗಿದರು. "ಯಾವ್ ಮೂರು?"

ಅವತ್ತಿಡೀ ನನ್ನ ಪಾಡು ಹೀಗೇ. ಒಂದೂವರೆ ವರ್ಷದಿಂದ ಅವರ ಬೆರಳಿಗೆ 15 ಒತ್ತಿ ರೂಢಿ. ಬೋರ್ಡ್ ಯಾರು ನೋಡ್ತಾರೆ? ನಾನು ಬಾಯಲ್ಲಿ ಹದಿನೆಂಟು ಅನ್ನುತ್ತಲೇ ಇದ್ದೆ. ಅವರ ಕಿವಿಯಲ್ಲಿ ಇಯರ್‌ಫೋನ್ ಇರುತ್ತಿತ್ತು. ಡಬ್ಬಿ ಕೂಗುವ ಹೊತ್ತಿಗೆ ಆಸಾಮಿ ಕಾಫಿ ಕೌಂಟರ್ ದಾಟಿ, ಸಕ್ಕರೆ ಕಮ್ಮಿ ಅಂತ ಹೇಳಿ, ಹೊರಗೆ ಮರದ ಕೆಳಗೆ ನಿಂತಿರುತ್ತಿದ್ದ. ಮೂರು ರೂಪಾಯಿಗೆ ಅಷ್ಟು ದೂರಕ್ಕೆ ಕೂಗಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಕೂಗದಿದ್ದರೆ ರಾತ್ರಿ ಲೆಕ್ಕದಲ್ಲಿ ಕೊರತೆ. ಮೊದಲ ಒಂದು ಗಂಟೆ ಕೂಗಿದೆ. ಆಮೇಲೆ ಮುಖ ನೋಡಿ ಕೂಗತೊಡಗಿದೆ. ವಯಸ್ಸಾದವರನ್ನ ಬಿಟ್ಟೆ. ಕಾರಲ್ಲಿ ಬಂದವರನ್ನ ಬಿಡಲಿಲ್ಲ.

ನೋಟು ಕೊಡುವವರದು ಇನ್ನೊಂದು ಕಥೆ. ಮಾಲೀಕರು ಹಿಂದಿನ ಸಂಜೆಯೇ ಪಕ್ಕದ ಗಣಪತಿ ಗುಡಿಯ ಅರ್ಚಕರಿಂದ ಒಂದು ಗಂಟು ಚಿಲ್ಲರೆ ತಂದಿದ್ದರು. ಹಬ್ಬದ ತಟ್ಟೆ ಕಾಸು, ಒಂದು ಎರಡು ರೂಪಾಯಿಯ ನಾಣ್ಯಗಳು. ಒಂದೊಂದಕ್ಕೂ ಕುಂಕುಮ ಮೆತ್ತಿತ್ತು. ಕೆಲವು ಎಣ್ಣೆಯಲ್ಲಿ ಅಂಟಿಕೊಂಡು ಜೋಡಿ ಜೋಡಿಯಾಗಿ ಬರುತ್ತಿದ್ದವು. ಉಗುರಲ್ಲಿ ಬಿಡಿಸಿ ಬಿಡಿಸಿ ಕೊಡಬೇಕು. ಎಂಟು ಗಂಟೆ ಹೊತ್ತಿಗೆ ನನ್ನ ಹತ್ತು ಬೆರಳೂ ಕೆಂಪು. ಟೋಕನ್ ಮೇಲೂ ಹೆಬ್ಬೆಟ್ಟಿನ ಗುರುತು. ಒಬ್ಬ ಹೆಂಗಸು ನನ್ನ ಕೈ ನೋಡಿ "ರಕ್ತ ಬರ್ತಿದೆಯೇನಪ್ಪಾ?" ಅಂತ ಗಾಬರಿಯಾದರು. ಆ ದಿನ ನನ್ನನ್ನ ಬೈಯದೆ ಮಾತಾಡಿಸಿದವರು ಅವರೊಬ್ಬರೇ ಇರಬೇಕು.

10 ರೂಪಾಯಿ ನಾಣ್ಯ ಕೊಟ್ಟರೆ ಅದಕ್ಕೊಂದು ತಕರಾರು. "ಇದು ನಡೆಯಲ್ಲ, ನೋಟು ಕೊಡಿ." 2018ರಲ್ಲೇ ರಿಸರ್ವ್ ಬ್ಯಾಂಕ್ 14 ಬಗೆಯ 10 ರೂಪಾಯಿ ನಾಣ್ಯಗಳೂ ಚಲಾವಣೆಯಲ್ಲಿವೆ ಅಂತ ಸ್ಪಷ್ಟವಾಗಿ ಹೇಳಿದೆ. ಇದನ್ನ ನಾನು ಮೊದಮೊದಲು ಬಿಕಾಂ ಗತ್ತಿನಲ್ಲಿ ಹೇಳುತ್ತಿದ್ದೆ. "ಹಂಗಾದ್ರೆ ನೀನೇ ಇಟ್ಕೋ" ಅನ್ನುತ್ತಿದ್ದರು. ಆಮೇಲೆ ಹೇಳೋದು ಬಿಟ್ಟೆ.

ಏಳು ಗಂಟೆ ಸುಮಾರಿಗೆ ಪಾರ್ಕಿನ ವಾಕಿಂಗ್ ಗುಂಪು ಬಂತು. ಆರು ಜನ, ಎಲ್ಲರೂ ರಿಟೈರ್ ಆದವರು. ದಿನಾ ನನ್ನ ಮುಂದೆ ಒಂದು ಜಗಳ ನಡೆಯುತ್ತದೆ. "ಇವತ್ತು ನಂದು." "ಏ, ಸುಮ್ನಿರಯ್ಯ, ನಿನ್ನೆಯೂ ನೀನೇ ಕೊಟ್ಟೆ." "ಅವನ ಹತ್ರ ತಗೋಬೇಡಪ್ಪಾ!" ಒಬ್ಬರು ನೋಟು ನನ್ನ ಕೈಗೆ ತುರುಕಿದರೆ ಇನ್ನೊಬ್ಬರು ಕಿತ್ತುಕೊಳ್ಳುತ್ತಾರೆ. ಹಿಂದಿನ ಕ್ಯೂ ಬೈಯುತ್ತಿರುತ್ತದೆ. ಈ ಪ್ರೀತಿಯ ಗುದ್ದಾಟದಲ್ಲಿ ನನಗೆ ದಿನಕ್ಕೆ ಐದು ನಿಮಿಷ ಹಾಳು. ಅವತ್ತು "ಆರು ಕಾಫಿ, ನೂರಾ ಎಂಟು" ಅಂದೆ. ಒಂದು ಕ್ಷಣ ಎಲ್ಲರೂ ಬೋರ್ಡ್ ಕಡೆ ನೋಡಿದರು.

"ಏಪ್ರಿಲ್ ಫೂಲಾ?" ಅಂದರು ಒಬ್ಬರು. ಆ ಜೋಕನ್ನ ಆಗಲೇ ಹನ್ನೊಂದು ಜನ ಹೇಳಿಯಾಗಿತ್ತು. ನಕ್ಕೆ.

ಅವತ್ತು ಜಗಳ ಆಗಲಿಲ್ಲ. ಆರೂ ಜನ ಮೊಬೈಲ್ ತೆಗೆದರು, ಅವರವರದ್ದು ಅವರವರು ಕೊಟ್ಟರು. ಡಬ್ಬಿ ಆರು ಸಲ ಕೂಗಿತು.

ಆ ಗುಂಪಿನಲ್ಲೇ ಪೇಪರ್ ಹಿಡಿದುಕೊಂಡು ಬರುವ ಒಬ್ಬರಿದ್ದಾರೆ. ಮಿಕ್ಕವರು ಹೋದ ಮೇಲೂ ಕೌಂಟರ್ ಪಕ್ಕ ನಿಂತರು. ನನಗೆ ಗೊತ್ತಾಯಿತು, ಬಂತು ಕಂಟಕ.

"ಏನಪ್ಪಾ, ಒಂದು ಕಾಫಿಗೆ ಹಾಲು ಎಷ್ಟು ಹಾಕ್ತೀರಿ?"

"ಗೊತ್ತಿಲ್ಲ ಸಾರ್, ನೂರು ಎಂಎಲ್ ಇರಬಹುದು."

"ಅಷ್ಟಿರಲ್ಲ. ಆದರೂ ನೂರು ಅಂತಲೇ ಇಟ್ಕೋ. ಲೀಟರಿಗೆ ನಾಲ್ಕು ರೂಪಾಯಿ ಅಂದ್ರೆ ನೂರು ಎಂಎಲ್‌ಗೆ ನಲವತ್ತು ಪೈಸೆ. ನೀವು ಏರಿಸಿದ್ದು ಮೂರು ರೂಪಾಯಿ. ಉಳಿದ ಎರಡು ಅರವತ್ತು ಎಲ್ಲಿ ಹೋಯ್ತು?"

"ಪುಡಿ ಜಾಸ್ತಿ ಆಗಿದೆ ಸಾರ್. ಕರೆಂಟು..."

"ನೀವು ಕಾಫಿ ಕಾಸೋದು ಗ್ಯಾಸಲ್ಲಿ. ಕಮರ್ಷಿಯಲ್ ಸಿಲಿಂಡರ್ ಇವತ್ತು ನಲವತ್ತು ರೂಪಾಯಿ ಹತ್ತಿರ ಇಳಿದಿದೆ. ನೋಡು." ಪೇಪರ್ ಅಲ್ಲ, ಮೊಬೈಲ್ ತೋರಿಸಿದರು. ಪೇಪರ್ ಇನ್ನೂ ಮಡಚಿಯೇ ಇತ್ತು.

ಇಳಿದಿದ್ದು ನಿಜ. ಹೋಟೆಲಿನ 19 ಕೆಜಿ ಸಿಲಿಂಡರ್ ರೇಟು ಪ್ರತಿ ತಿಂಗಳು ಒಂದನೇ ತಾರೀಕು ಬದಲಾಗುತ್ತದೆ. ಅವರ ಗುಣಾಕಾರವೂ ಸರಿಯಿತ್ತು. ನನಗೆ ಸಿಟ್ಟು ಬಂದಿದ್ದೇ ಅದಕ್ಕೆ. ತಪ್ಪು ಮಾತಾಡಿ ಬೈದವರಿಗೆ ಮನಸ್ಸಲ್ಲೇ ತಿರುಗಿ ಬೈದು ಹಗುರಾಗಬಹುದು. ಸರಿಯಾಗಿ ಮಾತಾಡಿ ಬೈದವರನ್ನ ಏನು ಮಾಡೋದು? ಅವರ ಹಿಂದೆ ಹದಿನೈದು ಜನ ನಿಂತಿದ್ದರು. ಕಡೆಗೆ ಹೇಳಿಯೇಬಿಟ್ಟೆ.

"ಬ್ರೆಜಿಲ್‌ನಲ್ಲಿ ಮಳೆ ಬಂದಿಲ್ಲ ಸಾರ್."

ಅವರು ನನ್ನನ್ನ ಒಂದು ಥರ ನೋಡಿದರು. "ಹಗಲು ದರೋಡೆ" ಅಂತ ಅಂದುಕೊಂಡು ಹೋದರು. ಲೋಟದ ತಳದಲ್ಲಿ ಒಂದು ಹನಿ ಉಳಿಸಿರಲಿಲ್ಲ.

ಎಂಟೂವರೆಗೆ ನಿಜವಾದ ನೂಕುನುಗ್ಗಲು. ಆಫೀಸು, ಕಾಲೇಜು, ಜೊತೆಗೆ ಬೆನ್ನಿಗೆ ಡಬ್ಬ ಕಟ್ಟಿಕೊಂಡ ಡೆಲಿವರಿ ಹುಡುಗರು. ಡೆಲಿವರಿ ಹುಡುಗರಿಗೆ ಮೊದಲು ಕೊಟ್ಟರೆ ನಿಂತವರು ಬೈಯುತ್ತಾರೆ, ನಿಂತವರಿಗೆ ಕೊಟ್ಟರೆ ಅವರ ಟೈಮ್ ಮೀರುತ್ತದೆ. "ಅಣ್ಣಾ ಪ್ಲೀಸ್ ಅಣ್ಣಾ" ಅಂತ ಮೊಬೈಲ್ ತೋರಿಸುತ್ತಾರೆ. ಒಬ್ಬ ಫೋನಲ್ಲಿ ಮಾತಾಡುತ್ತಲೇ ಕೌಂಟರಿಗೆ ಬಂದು ಎರಡು ಬೆರಳು ತೋರಿಸುತ್ತಾನೆ. ಎರಡು ಏನು? ಇಡ್ಲಿಯಾ, ದೋಸೆಯಾ? ಕೇಳಿದರೆ ಅದೇ ಎರಡು ಬೆರಳನ್ನ ಇನ್ನೂ ಜೋರಾಗಿ ತೋರಿಸುತ್ತಾನೆ. ಇನ್ನೊಬ್ಬರಿಗೆ ವಡೆ ಡಿಪ್ ಬೇಕು, ಆದರೆ ಗರಿಗರಿ ಇರಬೇಕು. ಮಸಾಲೆ ದೋಸೆ ಟೋಕನ್ ಹಿಡಿದು ನಿಂತವರದು ಬೇರೆಯದೇ ಜಾತಿ. ಕಲ್ಲಿನ ಮೇಲೆ ಒಂದು ಸಲಕ್ಕೆ ಹನ್ನೆರಡು ದೋಸೆ. ಹದಿಮೂರನೆಯವರಿಗೆ ಇದು ಯಾವತ್ತೂ ಅರ್ಥವಾಗಿಲ್ಲ. "ನನ್ನ ಆದಮೇಲೆ ಬಂದವರಿಗೆ ಕೊಟ್ರಿ" ಅನ್ನುತ್ತಾರೆ. ದೋಸೆ ಭಟ್ಟರು ಮಾತಾಡೋದೇ ಇಲ್ಲ. ಪೊರಕೆಯಲ್ಲಿ ಕಲ್ಲಿಗೆ ನೀರು ಚಿಮುಕಿಸುತ್ತಾರೆ, ಚೊಯ್ ಅನ್ನುತ್ತದೆ, ಹಬೆ ಏಳುತ್ತದೆ, ಹಬೆಯ ಹಿಂದೆ ಅವರ ಮುಖ ಕಾಣುವುದಿಲ್ಲ. ನನಗೂ ಅಂಥದೊಂದು ಹಬೆ ಬೇಕಿತ್ತು ಅನಿಸುತ್ತಿತ್ತು.

ಹಬೆ ಬಂತು, ಆದರೆ ಬೇರೆ ಕಡೆ. ಹಾಲಿನ ಪಾತ್ರೆಯಿಂದ ಎದ್ದ ಹಬೆಗೆ ದರಪಟ್ಟಿಯ ಸೆಲ್ಲೋಟೇಪ್ ಬಿಟ್ಟುಕೊಂಡಿತು. ಬಿಳಿ ಚೀಟಿ ಒಂದು ಮೂಲೆಯಲ್ಲಿ ಜೋತುಬಿತ್ತು. ಹಿಂದಿನ 15 ಮತ್ತೆ ಕಂಡಿತು, ಹೊಸದಾಗಿ ಬರೆದಷ್ಟು ಸ್ಪಷ್ಟವಾಗಿ. ನಾನು ನೋಡಿರಲಿಲ್ಲ. ಕೊರಳಲ್ಲಿ ಐಡಿ ಕಾರ್ಡ್ ಹಾಕಿದ್ದ ಒಬ್ಬ ನೋಡಿದ.

"ಬಾಸ್, ಬೋರ್ಡಲ್ಲಿ ಹದಿನೈದಿದೆ. ಹದಿನೆಂಟು ಹೆಂಗ್ ತಗೊಂಡ್ರಿ?"

"ಚೀಟಿ ಕಿತ್ತು ಬಂದಿದೆ ಸಾರ್, ಅದು ಹದಿನೆಂಟು."

"ಬೋರ್ಡಲ್ಲಿ ಇರೋದೇ ರೇಟು." ಫೋಟೋ ತೆಗೆದ. ಹಿಂದಿದ್ದ ಇಬ್ಬರು "ಹೌದು ಹೌದು" ಅಂದರು. ಆಗಲೇ ಕಾಫಿ ಕುಡಿದು ಮುಗಿಸಿದ ಒಬ್ಬರು ಲೋಟ ಇಟ್ಟು ವಾಪಸ್ ಬಂದು ಕೈ ಚಾಚಿದರು. ಅವರಿಗೂ ಮೂರು ರೂಪಾಯಿ ಬೇಕಂತೆ.

ಮಾಲೀಕರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕೌಂಟರ್ ಬಿಟ್ಟು ಎದ್ದೆ. ಕ್ಯಾಶ್ ಡ್ರಾಯರ್‌ಗೆ ಬೀಗ ಹಾಕಿ, ಇಡ್ಲಿ ಹಿಟ್ಟಿನ ಡಬ್ಬ ಬೋರಲು ಹಾಕಿ, ಅದರ ಮೇಲೆ ಹತ್ತಿದೆ. ಟೇಪ್ ಸಿಗಲಿಲ್ಲ. ದೋಸೆ ಹಿಟ್ಟು ಸಿಕ್ಕಿತು. ಎರಡು ಬೆರಳಲ್ಲಿ ಮೆತ್ತಿ ಚೀಟಿ ಒತ್ತಿದೆ. ಕೆಳಗೆ ಇಪ್ಪತ್ತು ಜನ ತಲೆ ಎತ್ತಿ ನೋಡುತ್ತಿದ್ದರು. ಇಳಿದು ನೋಡಿದರೆ 18ರ ಪಕ್ಕದಲ್ಲಿ ನನ್ನ ಕುಂಕುಮದ ಹೆಬ್ಬೆಟ್ಟು. ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡಿದ ಹಾಗೆ ಕಾಣುತ್ತಿತ್ತು. ಐಡಿ ಕಾರ್ಡಿನವನಿಗೆ ಮೂರು ರೂಪಾಯಿ ವಾಪಸ್ ಕೊಟ್ಟೆ. ಎರಡರದೊಂದು, ಒಂದರದೊಂದು, ಎರಡೂ ಅಂಟಿಕೊಂಡಿದ್ದವು. ಅವನು ಬಿಡಿಸಲು ಒದ್ದಾಡೋದನ್ನ ನೋಡಿ ನನಗೆ ತುಂಬಾ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ, ಸಂಜೆ ವಿಶೇಷ ಏನೂ ಇಲ್ಲ. ಅದೇ ಪ್ರಶ್ನೆ, ಅದೇ ಉತ್ತರ. ಸಂಜೆ ಬಂದ ಕಾಲೇಜು ಹುಡುಗರು ಒಂದು ಕಾಫಿಯನ್ನ ಬೈ ಟೂ ಬದಲು ಬೈ ತ್ರೀ ಕೇಳಿದರು. ಕಾಫಿ ಅಣ್ಣ ಮೂರು ಲೋಟಕ್ಕೆ ಹಾಕಿಯೇ ಕೊಟ್ಟ.

ರಾತ್ರಿ ಹತ್ತಕ್ಕೆ ಲೆಕ್ಕ. ಟೋಕನ್‌ಗೂ ದುಡ್ಡಿಗೂ ತಾಳೆ ಹಾಕಿದಾಗ 87 ರೂಪಾಯಿ ಕಡಿಮೆ. ಮೂರರಿಂದ ಭಾಗಿಸಿದರೆ ಸರಿಯಾಗಿ 29 ಜನ. ಐಡಿ ಕಾರ್ಡಿನವನನ್ನ ಬಿಟ್ಟರೆ ಮಿಕ್ಕವರೆಲ್ಲ ನಾನು ಕೂಗದೆ ಬಿಟ್ಟವರು.

ಮಾಲೀಕರು ನೋಡಿದರು. "ಇವತ್ತು ಬಿಡು. ನಾಳೆಯಿಂದ ನಿನ್ನ ಲೆಕ್ಕಕ್ಕೆ" ಅಂದರು. ಬೋರ್ಡ್ ಮೇಲಿನ ಕುಂಕುಮದ ಗುರುತು ನೋಡಿ ಏನೋ ಕೇಳಲು ಹೊರಟವರು ಸುಮ್ಮನಾದರು.

ಮಹಡಿಯ ಮೇಲಿನ ರೂಮಿಗೆ ಹೋಗಿ ಮಲಗಿದೆ. ಕೈ ಎರಡು ಸಲ ತೊಳೆದರೂ ಉಗುರಿನ ಸಂದಿಯಲ್ಲಿ ಕೆಂಪು ಹೋಗಿರಲಿಲ್ಲ. ಅಮ್ಮನ ಫೋನ್ ಬಂತು. ಚನ್ನರಾಯಪಟ್ಟಣದ ಹತ್ತಿರ ನಮ್ಮೂರು. ಮನೆಯಲ್ಲಿ ಎರಡು ಹಸು, ಹಾಲು ಊರಿನ ಡೈರಿಗೆ. ಅಮ್ಮನ ದನಿ ಕೇಳಿದಾಗಲೇ ಗೊತ್ತಾಯಿತು, ಖುಷಿಯಲ್ಲಿದ್ದಾಳೆ.

"ಹಾಲಿಗೆ ನಾಲ್ಕು ರೂಪಾಯಿ ಏರಿಸವ್ರಂತೆ ಕಣೋ. ಮುಂದಿನ ಬಟವಾಡೆಗೆ ಸೇರ್ಕೊಂಡ್ ಬರುತ್ತೆ ಅಂದ್ರು ಡೈರಿ ಸೆಕ್ರೆಟ್ರಿ. ಹಿಂಡಿ ರೇಟು ನೋಡಿದ್ರೆ ಅದೂ ಸಾಲಲ್ಲ. ಆದ್ರೂ ಬರ್ಲಿ."

"ಒಳ್ಳೇದಾಯ್ತಲ್ಲಮ್ಮ."

"ನಿಮ್ಮ ಹೋಟ್ಲಲ್ಲಿ ಕಾಫಿ ಎಷ್ಟು ಮಾಡುದ್ರು?"

"ಹದಿನೆಂಟು."

"ಹದಿನೆಂಟಾ? ಒಂದ್ ಲೋಟಕ್ಕಾ?" ಸ್ವಲ್ಪ ಹೊತ್ತು ಮಾತಿಲ್ಲ. ಲೆಕ್ಕ ಹಾಕುತ್ತಿದ್ದಾಳೆ ಅಂತ ನನಗೆ ಗೊತ್ತು. "ಅಲ್ಲ ಕಣೋ, ಒಂದು ಲೀಟ್ರಲ್ಲಿ ಹತ್ತು ಲೋಟ ಆಗಲ್ವಾ? ನಾಲ್ಕು ರೂಪಾಯಿಗೆ ಮೂವತ್ತು ರೂಪಾಯಿ ಕಿತ್ಕೊಳ್ತಾರಾ? ಹಗಲು ದರೋಡೆ ಬಿಡು. ಜನ ಕೇಳಲ್ವಾ? ಕೇಳಿದ್ರೆ ಏನಂತೀಯ?"

"ಬ್ರೆಜಿಲ್‌ನಲ್ಲಿ ಮಳೆ ಬಂದಿಲ್ಲ ಅಂತೀನಿ."

"ಎಲ್ಲಿ?" ಅಂದಳು ಅಮ್ಮ.